ಖಾಲಿ ಹೊಟ್ಟೆ ಬೇಕಾಗಿದೆ

ನಮ್ಮ ಮನೆಯಲ್ಲಿ ಹುಡುಕಿದರೂ ಸಿಗದ ವಸ್ತು ಅಂದರೆ ಖಾಲಿ ಹೊಟ್ಟೆ. ಮೈಸೂರಿನ ಮನೆ. ಅತ್ತೆ ಇದ್ದಾರೆ, ವಿಆರ್‌ಎಸ್ ತಗೊಂಡ ಯಜಮಾನರು ಇದ್ದಾರೆ, ಎರಡು ಕಾಫಿ ಫಿಲ್ಟರ್ ಇವೆ. ಎದ್ದರೆ ಕಾಫಿ, ಕೂತರೆ ಕೋಡುಬಳೆ. ಯಾರಾದರೂ ಬಂದರೆ ಅವರಿಗೆ ಜೊತೆಯಾಗಲಿ ಅಂತ, ಯಾರೂ ಬರದಿದ್ದರೆ ಬೇಜಾರು ಕಳೆಯಲಿ ಅಂತ, ಹೊಟ್ಟೆಗೆ ಏನಾದರೊಂದು ಇಳಿಯುತ್ತಲೇ ಇರುತ್ತದೆ. ಇಂಥ ಹೊಟ್ಟೆಯ ಒಡತಿಗೆ ಎರಡು ಮಾತ್ರೆ ಗಂಟು ಬಿದ್ದಿವೆ. ಎರಡಕ್ಕೂ ಖಾಲಿ ಹೊಟ್ಟೆಯೇ ಆಗಬೇಕು. ಸಾಲದ್ದಕ್ಕೆ ಒಂದಕ್ಕೆ ಇನ್ನೊಂದರ ಮುಖ ಕಂಡರಾಗದು.

ಮೊದಲನೆಯದು ಥೈರಾಯ್ಡ್ ಮಾತ್ರೆ, ಥೈರಾಕ್ಸಿನ್. ಥೈರಾಯ್ಡ್‌ನಿಂದ ನನಗಾದ ಉಪಕಾರ ಅಷ್ಟಿಷ್ಟಲ್ಲ. ಕೂದಲು ಉದುರಿದರೆ ಥೈರಾಯ್ಡ್, ಚಳಿಯಾದರೆ ಥೈರಾಯ್ಡ್, ನಾದಿನಿ ಹೋಳಿಗೆ ತಟ್ಟೋದಕ್ಕೆ ಕರೆದಾಗ ಸರಿಯಾಗಿ ಅದೇ ಹೊತ್ತಿಗೆ ಸುಸ್ತಾದರೂ ಥೈರಾಯ್ಡ್. ಆದರೆ ಥೈರಾಯ್ಡ್ ಹದ ತಿಳಿಸುವ ಟಿಎಸ್‌ಎಚ್ ತಹಬಂದಿಗೆ ಬಂದ ಮೇಲೂ, ತಾರಸಿಗೆ ಹೋಗಿ ಬಟ್ಟೆ ಒಣಹಾಕುವಷ್ಟರಲ್ಲಿ ಏದುಸಿರು ಬರತೊಡಗಿತು. ಡಾಕ್ಟರಮ್ಮ ರಕ್ತ ಪರೀಕ್ಷೆ ಬರೆದರು. ಹಿಮೋಗ್ಲೋಬಿನ್ 12.2, ಫೆರಿಟಿನ್ 9.

"ಹೆಂಗಸರಿಗೆ ಹನ್ನೆರಡಿದ್ದರೆ ಪಾಸು ಅಲ್ವಾ? ನೀನು ಪಾಸು ಕಣೇ," ಅಂದರು ಯಜಮಾನರು. ಬಟ್ಟೆ ಒಣಹಾಕುವ ಕೆಲಸ ಎಲ್ಲಿ ತಮ್ಮ ತಲೆಗೆ ಬರುತ್ತದೋ ಎಂಬ ಅಂಜಿಕೆ ಅವರಿಗೆ. ಡಾಕ್ಟರಮ್ಮ ಒಪ್ಪಲಿಲ್ಲ. ಹಿಮೋಗ್ಲೋಬಿನ್ ಅಂದರೆ ಕೈಯಲ್ಲಿರುವ ಪರ್ಸು, ಫೆರಿಟಿನ್ ಅಂದರೆ ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟ ದುಡ್ಡು. ಪರ್ಸು ತುಂಬಿದ ಹಾಗೇ ಕಾಣುತ್ತೆ, ಡಬ್ಬಿ ಮಾತ್ರ ತಳ ಕಂಡಿದೆ ಅಂದರು. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ಮುಗಿದಿದೆ ಅಂತಲೇ ಲೆಕ್ಕವಂತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57, ನಮ್ಮ ರಾಜ್ಯದಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಅಷ್ಟು ದೊಡ್ಡ ಪಟ್ಟಿಯಲ್ಲೂ ನನಗೆ ಜಾಗವಿಲ್ಲ. ಹೊಸ್ತಿಲ ಮೇಲೆ ನಿಂತವಳು.

ಥೈರಾಯ್ಡ್, ಕಬ್ಬಿಣದ ಕೊರತೆ, ಈ ಎರಡೂ ತೊಂದರೆಗಳು ಒಳಗೊಳಗೇ ಬೀಗರು ಅನ್ನೋದೂ ಅವತ್ತೇ ಗೊತ್ತಾಯಿತು. ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಬಳಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಥೈರಾಯ್ಡ್ ಕಡಿಮೆಯಾದರೆ ಕೆಲವರಿಗೆ ತಿಂಗಳ ಸ್ರಾವ ಜಾಸ್ತಿಯಾಗಿ ಇರುವ ಕಬ್ಬಿಣವೂ ಹೋಗುತ್ತದೆ. ಸುಸ್ತು, ಚಳಿ, ಕೂದಲು ಉದುರುವುದು ಎರಡರದ್ದೂ ಒಂದೇ ಥರ. ಇಷ್ಟು ವರ್ಷ ಒಂದೇ ನೆಪ ಇಟ್ಟುಕೊಂಡು ಸಂಸಾರ ಮಾಡಿದವಳಿಗೆ ಎರಡನೇ ನೆಪ ಸಿಕ್ಕಿತಲ್ಲ ಅಂತ ಒಳಗೇ ಹಿಗ್ಗಿದೆ. ಆ ಹಿಗ್ಗು ಎರಡನೆಯ ಮಾತ್ರೆಯ, ಅಂದರೆ ಕಬ್ಬಿಣದ ಮಾತ್ರೆಯ, ಚೀಟಿ ಓದುವವರೆಗೆ.

ಥೈರಾಕ್ಸಿನ್ ಎದ್ದ ಕೂಡಲೇ, ಬರೀ ನೀರಿನಲ್ಲಿ. ಅರ್ಧ ಗಂಟೆ, ಆದರೆ ಒಂದು ಗಂಟೆ, ಏನೂ ಕೂಡದು. ಕಾಫಿಯಂತೂ ಕೂಡದೇ ಕೂಡದು. ಇಟಲಿಯ ವೈದ್ಯರು 2008ರಲ್ಲೇ ಬರೆದಿದ್ದಾರಂತೆ, ಮಾತ್ರೆಯ ಹಿಂದೆಯೇ ಕಾಫಿ ಹೋದರೆ ಮೈಗೆ ಹತ್ತುವುದು ಕಡಿಮೆ ಅಂತ. ಕಾಫಿಗೆ ಪ್ರಾಣ ಬಿಡುವ ದೇಶದವರೇ ಹೀಗೆ ಬರೆದರೆ ನಾನು ಯಾರ ಹತ್ತಿರ ದೂರಲಿ? ಕಬ್ಬಿಣದ ಮಾತ್ರೆಯೋ, ಥೈರಾಕ್ಸಿನ್ ನುಂಗಿ ನಾಲ್ಕು ಗಂಟೆ ಕಳೆಯುವ ತನಕ ಹತ್ತಿರ ಸುಳಿಯಬಾರದು. ಎರಡೂ ಹೊಟ್ಟೆಯಲ್ಲಿ ಒಂದನ್ನೊಂದು ಹಿಡಿದುಕೊಂಡು ಹಾಗೇ ಹೊರಗೆ ಹೋಗುತ್ತವೆ. 1992ರ ಒಂದು ಅಧ್ಯಯನದಲ್ಲಿ 14 ಜನಕ್ಕೆ ಹನ್ನೆರಡು ವಾರ ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದರೆ, ನೆಟ್ಟಗಿದ್ದ ಟಿಎಸ್‌ಎಚ್ ಏರಿ ಕೂತಿತ್ತು. ಸರಿ, ನಾಲ್ಕು ಗಂಟೆ ಬಿಡೋಣ. ಆದರೆ ಕಬ್ಬಿಣ ನುಂಗೋದಕ್ಕೂ ತಿಂದು ಎರಡು ಗಂಟೆಯಾಗಿರಬೇಕು, ಮತ್ತೆ ತಿನ್ನೋದಕ್ಕೆ ಒಂದು ಗಂಟೆ ಇರಬೇಕು. ಹಾಲು, ಮೊಸರು, ಕಾಫಿ, ಟೀ ಎಲ್ಲ ದೂರ.

ಕಾಗದ ಪೆನ್ಸಿಲ್ ಹಿಡಿದು ಕೂತೆ. ಆರಕ್ಕೆ ಥೈರಾಕ್ಸಿನ್, ಏಳಕ್ಕೆ ಕಾಫಿ, ಎಂಟೂವರೆಗೆ ತಿಂಡಿ, ಒಂದಕ್ಕೆ ಊಟ. ನಡುವೆ ಕಬ್ಬಿಣಕ್ಕೆ ಉಳಿದಿದ್ದು ಹನ್ನೊಂದು ಗಂಟೆ. ಹನ್ನೊಂದು ಅಂದರೆ ನನ್ನ ಎರಡನೇ ಕಾಫಿ! ಬೆಳಗಿನ ಕಾಫಿ ಕಣ್ಣು ಬಿಡೋದಕ್ಕೆ; ಹನ್ನೊಂದರದ್ದು ಬದುಕೋದಕ್ಕೆ. ಯಜಮಾನರು ಸರಿಯಾಗಿ ಆ ಹೊತ್ತಿಗೇ ಹಿತ್ತಾಳೆ ಫಿಲ್ಟರಿನ ಮೇಲಿನ ಬಟ್ಟಲು ತೆಗೆದಿಟ್ಟು, ತಳದ ಡಿಕಾಕ್ಷನ್ ಲೋಟಕ್ಕೆ ಬಗ್ಗಿಸಿ, ಹಾಲು ಉಕ್ಕುವ ತನಕ ಕಾದು, ಎತ್ತಿ ಎತ್ತಿ ನೊರೆ ಬರಿಸಿ, ನನ್ನ ಎದುರು ಕುರ್ಚಿಯಲ್ಲೇ ಕೂತು ಸೊರ್ ಅಂತ ಹೀರುತ್ತಾರೆ. "ನೀನು ಮಾತ್ರೆ ತಗೊಂಡ್ಯಾ?" ಅಂತ ಕೇಳುವುದು ಆಮೇಲೆ.

ಪುಣ್ಯಕ್ಕೆ ಡಾಕ್ಟರಮ್ಮ ದಿನ ಬಿಟ್ಟು ದಿನ ಸಾಕು ಅಂದರು. ಕಬ್ಬಿಣ ಒಳಗೆ ಹೋದರೆ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನು ಬಿಟ್ಟು ಸುಮಾರು 24 ಗಂಟೆ ಬಾಗಿಲು ಹಾಕಿಸುತ್ತದಂತೆ. ಮರುದಿನ ನುಂಗಿದ್ದರಲ್ಲಿ ಮೈಗೆ ಹತ್ತುವುದು ಕಮ್ಮಿ, ಹೊಟ್ಟೆ ಕೆಡಿಸುವುದು ಜಾಸ್ತಿ. ಆದರೆ ಇವತ್ತು ಯಾವ ದಿನ? ಯಜಮಾನರು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಕಬ್ಬಿಣದ ದಿನಕ್ಕೆ 'ಕ' ಅಂತ ಗುರುತು ಹಾಕಿದರು. ಒಣ ಕಸದ ಗಾಡಿ ಬರುವ ದಿನಕ್ಕೂ ಅವರು ಮೊದಲಿನಿಂದ ಹಾಕುತ್ತಿದ್ದುದು 'ಕ'. ಗಾಡಿಯವನ ಸೀಟಿ ಕೇಳಿದರೆ ಈಗಲೂ ನನ್ನ ಕೈ ಮಾತ್ರೆ ಡಬ್ಬಕ್ಕೆ ಹೋಗುತ್ತದೆ.

ಆ ಡಬ್ಬ ಇರುವುದು ಬೀರುವಿನ ಮೇಲಿನ ಖಾನೆಯಲ್ಲಿ, ಬೀಗದೊಳಗೆ. ನಾದಿನಿಯ ಮೊಮ್ಮಗ ಬಂದರೆ ಕೆಂಪಗಿರುವುದೆಲ್ಲ ಪೆಪ್ಪರ್‌ಮೆಂಟು ಅಂದುಕೊಳ್ಳುತ್ತಾನೆ. ಸಣ್ಣ ಮಕ್ಕಳು ಒಂದಷ್ಟು ನುಂಗಿಬಿಟ್ಟರೆ ಪ್ರಾಣಕ್ಕೇ ಕುತ್ತು. ಬೇಗ ಗುಣವಾಗಲಿ ಅಂತ ಎರಡೆರಡು ನುಂಗಲೇ ಅಂತ ನಾನೂ ಆಸೆಪಟ್ಟು ಕೇಳಿದ್ದೆ. "ಹೆಚ್ಚಾದ ಕಬ್ಬಿಣ ಹೊರಗೆ ಹಾಕೋ ದಾರಿ ಮೈಗಿಲ್ಲ. ಲಿವರ್‌ನಲ್ಲಿ ಕೂರುತ್ತೆ," ಅಂತ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. ಬೆಳಗಿನ ವಿದ್ಯಮಾನ ಕಪ್ಪಗಾಗುತ್ತೆ, ಗಾಬರಿ ಬೇಡ ಅಂತಲೂ ಅಂದರು. ಕಪ್ಪಗಾಗೋದಕ್ಕೆ ಮೊದಲು ಅದು ಆಗಬೇಕಲ್ಲ! ಅತ್ತೆ ಹೊತ್ತಿಗೆ ಮುಂಚೆಯೇ ಬಾಳೆಹಣ್ಣಿನ ಚಿಪ್ಪು ತರಿಸಿಟ್ಟಿದ್ದರು.

ಅತ್ತೆಗೆ ಮಾತ್ರೆಯಲ್ಲಿ ನಂಬಿಕೆ ಕಡಿಮೆ, ಬೀಟ್‌ರೂಟಿನಲ್ಲಿ ಹೆಚ್ಚು. "ಬಣ್ಣ ನೋಡು, ರಕ್ತವೇ ಕಣಮ್ಮ." ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ, ಪಲ್ಯ ಚೆನ್ನಾಗಿರುತ್ತದೆ. ಆದರೆ ಅಟ್ಟದ ಮೇಲಿನ ಕಬ್ಬಿಣದ ಬಾಣಲೆ ಇಳಿಸಿದ್ದು ಮಾತ್ರ ಅವರ ಜಾಣತನ. ಹುಳಿ ಬಿದ್ದ ಗೊಜ್ಜು ಅದರಲ್ಲಿ ಕುದಿದರೆ ನಿಜವಾಗಿಯೂ ಕಬ್ಬಿಣ ಬಿಡುತ್ತದೆ. ಟೊಮೆಟೊ ಗೊಜ್ಜು ಟಾರಿನ ಬಣ್ಣಕ್ಕೆ ತಿರುಗಿದ ದಿನ ಯಜಮಾನರು ಬರೀ ಮೊಸರನ್ನ ಉಂಡು ಎದ್ದರು. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಂಡು ಕೂತಿದ್ದ ನನಗೆ ಅವರ ಪಾಲೂ ಬಂತು.

ಎಂಟು ವಾರದ ಮೇಲೆ ಫೆರಿಟಿನ್ ಮತ್ತು ಟಿಎಸ್‌ಎಚ್ ಎರಡನ್ನೂ ಒಟ್ಟಿಗೇ ನೋಡಿದರು. ಫೆರಿಟಿನ್ 24, ಟಿಎಸ್‌ಎಚ್ ಅಲುಗಿಲ್ಲ. ಇನ್ನೂ ಕೆಲವು ತಿಂಗಳು ಬಿಡಬೇಡಿ ಅಂತ ಹೇಳಿ ಡಾಕ್ಟರಮ್ಮ ಮತ್ತೊಂದು ಚೀಟಿ ಬರೆದರು: ಕ್ಯಾಲ್ಸಿಯಂ. ಅದೂ ಥೈರಾಕ್ಸಿನ್‌ಗೆ ನಾಲ್ಕು ಗಂಟೆ ದೂರ, ಕಬ್ಬಿಣಕ್ಕೂ ದೂರ. ಯಜಮಾನರು ಪಕ್ಕದಲ್ಲಿ ನಿಟ್ಟುಸಿರು ಬಿಟ್ಟರು, ಕ್ಯಾಲ್ಸಿಯಂಗೂ 'ಕ'ವೇ.

"ಖಾಲಿ ಹೊಟ್ಟೆ ತಾನೇ?" ಅಂದೆ ಸೋತ ದನಿಯಲ್ಲಿ.

"ಇಲ್ಲ, ಇದನ್ನ ಊಟದ ಜೊತೆಗೇ ತಗೋಬೇಕು."

"ಎಷ್ಟು ಊಟದ ಜೊತೆ, ಡಾಕ್ಟ್ರೇ?"