ಹಾಸ್ಟೆಲಿಗೆ ಮುಂಚಿನ ಹಾಸ್ಟೆಲು

ಗೌರಿಬಿದನೂರು ತಾಲ್ಲೂಕಿನ ನಮ್ಮ ಅಲೀಪುರದಲ್ಲಿ ಹರಳಿನ ಗಂಧಗಾಳಿ ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಯಾವ ಕಲ್ಲನ್ನೇ ಕೈಗೆ ಕೊಡಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಒಳಗಿರುವ ಕೂದಲೆಳೆಯಷ್ಟು ಬಿರುಕನ್ನೂ ಹೇಳಿಬಿಡುತ್ತಾರೆ. ಜೈಪುರದವನ ಮಾತಿಗೂ ಬ್ಯಾಂಕಾಕಿನವನ ನಗುವಿಗೂ ಮರುಳಾಗದ ನಮ್ಮ ಜನ, ರೆಸಿಡೆನ್ಷಿಯಲ್ ಸ್ಕೂಲಿನ ಬಣ್ಣದ ಪುಸ್ತಕ ತೆರೆದರೆ ಮಾತ್ರ ಎರಡೂ ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಾರೆ. ಹರಳಿನ ದಲಾಲಿ ಮಾಡುವ ನಾನೂ ಆ ಪುಸ್ತಕಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಹೊಳಪು ಕಾಗದ, ಬೆಳಕು ತೂರುವುದಿಲ್ಲ.

ಮೊದಲ ಪುಟದಲ್ಲಿ ಕುದುರೆ, ಎರಡನೆಯದರಲ್ಲಿ ಈಜುಕೊಳ. ಮೂರನೆಯದರಲ್ಲಿ ಮಕ್ಕಳು ಒಂದು ಗ್ಲೋಬಿನ ಸುತ್ತ ನಿಂತು, ಭೂಮಿ ದುಂಡಗಿರುವುದು ಅವತ್ತೇ ತಿಳಿದವರಂತೆ ನಗುತ್ತಿರುತ್ತಾರೆ. ಕೆಳಗೆ ಮೂರು ಭರವಸೆಗಳು: ಮನೆಯಂಥ ವಾತಾವರಣ, ಮನೆಯೂಟದ ರುಚಿ, ತಾಯಿಯಂಥ ವಾರ್ಡನ್. ನಾನು ಓದಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ನಮ್ಮಮ್ಮ, ಅಂದರೆ ಇಡೀ ಮನೆಗೆ ದಾದಿ, ಎಲೆ ಅಡಿಕೆ ಮಡಚುತ್ತಾ ಅಂದಳು: "ಇದೆಲ್ಲ ಇರೋ ಮನೆ ನಮ್ಮದೇ ಒಂದಿದೆಯಲ್ಲೋ. ಫೀಸೂ ಕೇಳಲ್ಲ."

ಮಕ್ಕಳನ್ನು ದೂರ ಕಳಿಸುವುದು ನಮ್ಮೂರಿಗೆ ಹೊಸದೇನಲ್ಲ. ಶಿಯಾಗಳೇ ಹೆಚ್ಚಿರುವ ಊರು. ಓದಲೆಂದು ಹುಡುಗರು ಇರಾನಿಗೇ ಹೋಗುತ್ತಾರೆ. 2025ರ ಜೂನ್‌ನಲ್ಲಿ ಅಲ್ಲಿ ಬಾಂಬು ಬೀಳತೊಡಗಿದಾಗ ಊರಿಗೆ ಊರೇ ಮೊಬೈಲು ಹಿಡಿದುಕೊಂಡು ಎಚ್ಚರವಾಗಿ ಕೂತಿತ್ತು. ಆದರೆ ಹಾಗೆ ಹೋದವರು ಗಡ್ಡ ಮೀಸೆ ಬಂದವರು. ನಮ್ಮ ಮಗ ಮುನ್ನಾ ಮೂರನೇ ಕ್ಲಾಸು. ಶೂ ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ತೊಂಡೇಬಾವಿ ಸ್ಟೇಷನ್ನಿಗೆ ಬಂದ ರೈಲು ಯಲಹಂಕ ಮುಟ್ಟಿರುತ್ತದೆ.

ಅವನನ್ನು ಹಾಸ್ಟೆಲಿಗೆ ಹಾಕಬೇಕೆಂಬ ಯೋಚನೆ ಹುಟ್ಟಿದ್ದು ಬೆಂಗಳೂರಿನಲ್ಲಿ, ನನ್ನ ಹೆಂಡತಿಯ ತಮ್ಮನ ತಲೆಯಲ್ಲಿ. ಮುನ್ನಾ ಮನೆಯಲ್ಲಿ ಉರ್ದು ಆಡುತ್ತಾನೆ, ಶಾಲೆಯಲ್ಲಿ ಕನ್ನಡ, ಗೌರಿಬಿದನೂರು ಬಸ್ಸಿನಲ್ಲಿ ತೆಲುಗು. ಕುರಾನ್ ಪಾಠದ ಅರಬ್ಬಿ ಇದೆ, ಮೊಹರಂ ಮಜ್ಲಿಸಿನಲ್ಲಿ ಕಿವಿಗೆ ಬಿದ್ದ ನಾಲ್ಕು ಮಾತು ಫಾರ್ಸಿಯೂ ಇದೆ. ಇದನ್ನೆಲ್ಲ ಪರೀಕ್ಷೆ ಮಾಡಿ ನೋಡಿದ ಮಾಮು ಬೇಸರದಿಂದ ತೀರ್ಪು ಕೊಟ್ಟ: "ದುಲ್ಹಾಭಾಯಿ, ಹುಡುಗನಿಗೆ ಐದು ಭಾಷೆ ಬರುತ್ತೆ. ಲಾಂಗ್ವೇಜ್ ಬರಲ್ಲ."

ನನ್ನ ಹೆಂಡತಿಗೆ ಇದು ನಾಟಿತು. ಅವಳ ತವರಿನ ಮಾತು ಅವಳಿಗೆ ಯಾವತ್ತೂ ನಾಟುತ್ತದೆ. ನನ್ನ ಮಾತು ಮೇಲೆಯೇ ಜಾರಿಹೋಗುತ್ತದೆ. ದೊಡ್ಡವರೆಲ್ಲ ಮನೆ ಬಿಟ್ಟೇ ದೊಡ್ಡವರಾದದ್ದು ಅಂತ ಮಾಮು ನಮ್ಮ ಜಿಲ್ಲೆಯಿಂದಲೇ ಉದಾಹರಣೆ ತೆಗೆದ. "ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೇ ನೋಡಿ. ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು ಮುಗಿಸಿ ಬೆಂಗಳೂರಿಗೆ ಹೋದರು. 1881ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಊರಲ್ಲೇ ಇದ್ದಿದ್ರೆ ಕನ್ನಂಬಾಡಿ ಕಟ್ಟೆ ಇರ್ತಿತ್ತಾ?"

"ಬೆಂಗಳೂರಲ್ಲಿ ಯಾವ ಹಾಸ್ಟೆಲಲ್ಲಿದ್ರು?" ದಾದಿ ಕೇಳಿದಳು.

"ಹಾಸ್ಟೆಲಲ್ಲ, ಸೋದರಮಾವನ ಆಸರೆ. ಜೊತೆಗೆ ಮಕ್ಕಳಿಗೆ ಪಾಠ ಹೇಳಿ ಖರ್ಚು ನಡೆಸ್ತಿದ್ರು."

"ಹೌದಾ ಬೇಟಾ? ಹಾಗಾದ್ರೆ ಮುನ್ನಾಗೂ ಒಬ್ಬ ಮಾಮು ಬೆಂಗಳೂರಲ್ಲೇ ಇದಾನಲ್ಲ."

ಮಾಮು ತಕ್ಷಣ ವಿಶ್ವೇಶ್ವರಯ್ಯನವರನ್ನು ಕೈಬಿಟ್ಟು ಎಚ್. ನರಸಿಂಹಯ್ಯನವರನ್ನು ಹಿಡಿದ. ಅವರು ಇನ್ನೂ ಹತ್ತಿರದವರು, ನಮ್ಮದೇ ತಾಲ್ಲೂಕಿನ ಹೊಸೂರಿನವರು. ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗ. ಮುಂದೆ ಅಮೆರಿಕದ ಓಹಿಯೋದಲ್ಲಿ ಪಿಎಚ್.ಡಿ., ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲಗಿರಿ, 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಪಟ್ಟ, ಪದ್ಮಭೂಷಣ. ವಾಸ ಮಾತ್ರ ಕೊನೆಯವರೆಗೂ ಕಾಲೇಜು ಹಾಸ್ಟೆಲಿನ ಒಂದು ಕೋಣೆ. ಗೌರಿಬಿದನೂರಿನಲ್ಲಿ ನ್ಯಾಷನಲ್ ಕಾಲೇಜು ಇರುವುದೂ ಅವರಿಂದಲೇ. ಮಾಮು ಇದನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ನಾನೇ ಎದ್ದು ಮುನ್ನಾನ ಪೆಟ್ಟಿಗೆ ಇಳಿಸಬೇಕೆಂದಿದ್ದೆ. ದಾದಿ ಮೆಚ್ಚಿ ತಲೆಯಾಡಿಸಿ, ಒಂದೇ ಒಂದು ಸಣ್ಣ ವಿವರ ಕೇಳಿದಳು. "ಮಕ್ಕಳೆಷ್ಟು ಅವರಿಗೆ?"

"ಅವರು ಮದುವೆ ಆಗಲಿಲ್ಲ."

ಪೆಟ್ಟಿಗೆ ಅಟ್ಟದ ಮೇಲೆಯೇ ಉಳಿಯಿತು. ಹಾಸ್ಟೆಲಿಗೆ ಹೋದ ಹುಡುಗ ಹಾಸ್ಟೆಲನ್ನೇ ಕಟ್ಟಿಕೊಂಡ ಅಂತ ದಾದಿ ಒಂದು ವಾರ ಹೇಳಿಕೊಂಡು ತಿರುಗಿದಳು.

ಸರಿ, ಸರ್ಕಾರದ್ದೇ ನೋಡೋಣ ಅಂತ ನಾನು ಹೊರಟೆ. ರಾಜೀವ್ ಗಾಂಧಿಯವರ ಕಾಲದಲ್ಲಿ ಶುರುವಾದ ನವೋದಯ ಶಾಲೆ ಈಗ ಜಿಲ್ಲೆಗೊಂದು ಅನ್ನುವಂತಿದೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಅವರದ್ದೇ, ಕಾಲುಪಾಲು ಬಿಟ್ಟು ಮಿಕ್ಕ ಸೀಟೆಲ್ಲ ಹಳ್ಳಿಯ ಮಕ್ಕಳಿಗೇ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ವಿಜಯಪುರದಲ್ಲಿ 1963ರ ಸೈನಿಕ ಶಾಲೆ, ಕೊಡಗಿನ ಕೂಡಿಗೆಯಲ್ಲಿ ಇನ್ನೊಂದು. ಇವೆಲ್ಲ ಒಂದು ವಿಷಯದಲ್ಲಿ ಮಾತ್ರ ಒಗ್ಗಟ್ಟು: ಆರನೇ ಕ್ಲಾಸಿಗಿಂತ ಮೊದಲು ಯಾರನ್ನೂ ಒಳಗೆ ಬಿಡುವುದಿಲ್ಲ. ಸೈನ್ಯ ಸಾಕುವ ಸರ್ಕಾರಕ್ಕೂ ಎಂಟು ವರ್ಷದ ಮಗುವನ್ನು ರಾತ್ರಿ ಮಲಗಿಸುವ ಧೈರ್ಯ ಇಲ್ಲ. ಇದು ನನಗೆ ಸರ್ಕಾರದ ಬಗ್ಗೆ ಗೌರವ ಮೂಡಿಸಿದ ಕೆಲವೇ ಸಂಗತಿಗಳಲ್ಲಿ ಒಂದು.

ಆದರೆ ಸರ್ಕಾರ ಹಿಂಜರಿದ ಜಾಗದಲ್ಲಿ ನಮ್ಮ ನಾಡಿನ ಸಾಹಸಿಗಳು ನಿಂತಿದ್ದಾರೆ. ನವೋದಯಕ್ಕೆ ಸೀಟು ಎಂಬತ್ತು, ಬರೆಯುವವರು ಸಾವಿರಾರು. ಎರಡು ಗಂಟೆಯಲ್ಲಿ ಎಂಬತ್ತು ಪ್ರಶ್ನೆ, ನೂರು ಅಂಕ. ಅದರಲ್ಲಿ ಅರ್ಧ ಅಂಕ, ನಾಲ್ಕು ಚಿತ್ರ ಕೊಟ್ಟು ಗುಂಪಿಗೆ ಸೇರದ್ದು ಯಾವುದು ಅನ್ನುವಂಥ ತಲೆಹರಟೆಗೆ. ಹಾಗಾಗಿ ಅದಕ್ಕೊಂದು ಕೋಚಿಂಗು. ಉತ್ತರ ಕರ್ನಾಟಕದ ಕಡೆಯ ಬಸ್‌ಸ್ಟ್ಯಾಂಡುಗಳಲ್ಲಿ ಇಳಿದರೆ ಗೋಡೆ ತುಂಬ ಇದೇ ಜಾಹೀರಾತು: ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ತರಬೇತಿ, ವಸತಿ ಸಹಿತ. ಮೂರನೇ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಿ ಗುಂಪಿಗೆ ಸೇರದ ಚಿತ್ರ ಹುಡುಕಿಸುತ್ತಾರೆ. ಅಂದರೆ ಮುಂದೆ ಹಾಸ್ಟೆಲಿನಲ್ಲಿ ಓದಬೇಕಾದ ಮಗು ಈಗ ಹಾಸ್ಟೆಲಿನಲ್ಲಿದ್ದುಕೊಂಡು ಅದಕ್ಕೆ ತಯಾರಾಗಬೇಕು. ಅಂಥ ಕಡೆಯಿಂದ ಬಂದ ಒಂದು ಕರಪತ್ರವನ್ನು ಮಾಮು ವಾಟ್ಸಾಪಿನಲ್ಲಿ ಕಳಿಸಿದ. ಕೊನೆಯ ಸಾಲಿನಲ್ಲಿ ದಪ್ಪಕ್ಷರ: ಸೀಟುಗಳು ಸೀಮಿತ, ಪ್ರವೇಶ ಪರೀಕ್ಷೆ ಇರುತ್ತದೆ.

"ಆ ಪರೀಕ್ಷೆಗೆ ಕೋಚಿಂಗ್ ಎಲ್ಲಿ ಕೊಡ್ತಾರೆ?" ಅಂದಳು ದಾದಿ. ಅವಳಿಗೆ ಓದು ಬರುವುದಿಲ್ಲ, ಲೆಕ್ಕ ಬರುತ್ತದೆ.

ಇದು ನಮ್ಮವರ ಸ್ವಂತ ಬುದ್ಧಿ ಅಂದುಕೊಂಡಿದ್ದೆ. ಅಲ್ಲ, ಇಂಗ್ಲಿಷರು ಬಹಳ ಹಿಂದೆಯೇ ಕಂಡುಕೊಂಡದ್ದು. ಹದಿಮೂರಕ್ಕೆ ದೊಡ್ಡ ಹಾಸ್ಟೆಲು ಶಾಲೆ ಸೇರಬೇಕಾದ ಹುಡುಗನನ್ನು ಏಳೆಂಟು ವರ್ಷಕ್ಕೇ ಒಂದು ಚಿಕ್ಕ ಹಾಸ್ಟೆಲು ಶಾಲೆಗೆ ಹಾಕಿ, ಪ್ರವೇಶ ಪರೀಕ್ಷೆಗೆ ಹದ ಮಾಡುವುದು ಅಲ್ಲಿನ ಸ್ಥಿತಿವಂತರ ಪದ್ಧತಿ. ಮುನ್ನಾನ ಕಥೆ ಪುಸ್ತಕಗಳ ರೋಆಲ್ಡ್ ಡಾಲ್ ಅನ್ನುವ ಲೇಖಕನನ್ನೂ 1925ರಲ್ಲಿ, ಒಂಬತ್ತನೇ ವಯಸ್ಸಿಗೆ, ವೇಲ್ಸ್‌ನ ಮನೆಯಿಂದ ಸಮುದ್ರದಾಚೆಯ ಅಂಥದೊಂದು ಶಾಲೆಗೆ ಕಳಿಸಿದ್ದರು. ಭಾನುವಾರ ಮನೆಗೆ ಕಾಗದ ಬರೆಯುವುದು ಕಡ್ಡಾಯ. ಹೆಡ್‌ಮಾಸ್ಟರು ಬೆನ್ನ ಹಿಂದೆಯೇ ಓಡಾಡುತ್ತಾ ಕಾಗುಣಿತ ತಿದ್ದುವ ನೆವದಲ್ಲಿ ಎಲ್ಲವನ್ನೂ ಓದುತ್ತಿದ್ದರು. ಹೀಗಾಗಿ ಇಂಗ್ಲೆಂಡಿನ ತಾಯಂದಿರಿಗೆಲ್ಲ ಮಕ್ಕಳು ಸುಖವಾಗಿರುವ ಸುದ್ದಿ ತಪ್ಪಿಲ್ಲದ ಇಂಗ್ಲಿಷಿನಲ್ಲಿ ತಲುಪುತ್ತಿತ್ತು. ಆ ಹುಡುಗ ರಾತ್ರಿ ತನ್ನ ಮನೆ ಇರುವ ದಿಕ್ಕಿಗೆ ಮುಖ ಮಾಡಿ ಮಲಗುತ್ತಿದ್ದನಂತೆ. ಕೊನೆಗೆ ಅಪೆಂಡಿಸೈಟಿಸ್ ಬಂದವನಂತೆ ಹೊಟ್ಟೆ ಹಿಡಿದು ಹೊರಳಾಡಿ ಮನೆಗೂ ಹೋಗಿಬಂದ. ಇದನ್ನು ಮುನ್ನಾನಿಗೆ ಹೇಳಿದೆ. ಅವನು ಎಲ್ಲ ಬಿಟ್ಟು ಒಂದನ್ನೇ ಕೇಳಿದ: "ಅಬ್ಬಾ, ಅಪೆಂಡಿಕ್ಸ್ ಯಾವ ಕಡೆ ಇರುತ್ತೆ?"

ಇಷ್ಟಾದ ಮೇಲೂ ನೋಡದೆ ಬೇಡ ಅನ್ನಬಾರದೆಂದು ಹೆಂಡತಿ ಹಟ ಹಿಡಿದಳು. ಬೆಟ್ಟದಾಚೆ, ಚಿಂತಾಮಣಿ ದಾಟಿ ಆಂಧ್ರದ ಮದನಪಲ್ಲಿ ಬಳಿ ಜಿಡ್ಡು ಕೃಷ್ಣಮೂರ್ತಿಯವರ ರಿಷಿ ವ್ಯಾಲಿ ಇದೆ. ಅಲ್ಲಿ ನಾಲ್ಕನೇ ಕ್ಲಾಸಿಗೇ ತೆಗೆದುಕೊಳ್ಳುತ್ತಾರೆ. ಮರ, ಹಕ್ಕಿ, ಮೌನ, ಎಲ್ಲ ಸೊಗಸು. ಮಕ್ಕಳನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ರ್‍ಯಾಂಕಿನ ಗೊಡವೆ ಇಲ್ಲ ಅಂದಾಗ ಮಾಮುವಿನ ಮುಖ ಸಪ್ಪಗಾಯಿತು. ಊಟ ಪೂರ್ತಿ ಸಸ್ಯಾಹಾರ ಅಂದಾಗ ಮುನ್ನಾನ ಮುಖ. ದಿನಕ್ಕೆ ಮೂರು ಹೊತ್ತೂ ಬೇಳೆಯಾ ಅಂತ ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ್ದಕ್ಕೆ ಕೃಷ್ಣಮೂರ್ತಿಯವರ ಬಳಿಯೂ ಉತ್ತರ ಇದ್ದಿರಲಾರದು.

ಕೊನೆಗೆ ಒಂದು ಬಾಡಿಗೆ ಕಾರು ಮಾಡಿಕೊಂಡು ದೊಡ್ಡಬಳ್ಳಾಪುರದಾಚೆಯ ಒಂದು ಖಾಸಗಿ ಶಾಲೆಗೆ ಹೋದೆವು. ಹೆಸರು ಬೇಡ. ಪುಸ್ತಕದ ಮುಖಪುಟದ ಕುದುರೆ ಗೇಟಿನ ಪಕ್ಕದಲ್ಲೇ ನಿಂತಿತ್ತು. ಫೋಟೋದಲ್ಲಿ ಇನ್ನೂ ಹರೆಯದಲ್ಲಿತ್ತು. ಸ್ವಾಗತ ಕೋಣೆಯ ಸೋಫಾದಲ್ಲಿ ಕೂತರೆ ಏಳುವುದು ಕಷ್ಟ, ಫೀಸಿನ ಹಾಳೆ ನೋಡಿದ ಮೇಲೆ ಸಾಧ್ಯವೇ ಇಲ್ಲ. ಬೋಧನಾ ಶುಲ್ಕ, ವಸತಿ, ಲಾಂಡ್ರಿ, ವಾಪಸ್ ಬರುವ ಠೇವಣಿ, ವಾಪಸ್ ಬರದ ಠೇವಣಿ. ವಾಪಸ್ ಬರದ್ದಕ್ಕೆ ಠೇವಣಿ ಅಂತ ಯಾಕೆ ಕರೆಯುತ್ತಾರೋ, ನಮ್ಮ ವ್ಯಾಪಾರದಲ್ಲಿ ಅದಕ್ಕೆ ಬೇರೆ ಹೆಸರಿದೆ. ಕೊನೆಯ ಕಲಮು 'ಇತರೆ'. ಅದು ಎಲ್ಲಕ್ಕಿಂತ ದೊಡ್ಡದು.

ಪ್ರಿನ್ಸಿಪಾಲರು ಟೈ ಕಟ್ಟಿಕೊಂಡು ಸ್ಮಾರ್ಟ್ ಕ್ಲಾಸು, ರೊಬೊಟಿಕ್ಸು, ಕುದುರೆ ಸವಾರಿ, ವ್ಯಕ್ತಿತ್ವ ವಿಕಸನ ಅಂತ ವಿವರಿಸುತ್ತಿದ್ದರು. ನನ್ನ ಹೆಂಡತಿ ಮೊದಲಿಂದಲೂ ಸುಮ್ಮನಿದ್ದವಳು ಸೆರಗು ಸರಿಮಾಡಿಕೊಂಡು ಕೇಳಿದಳು: "ಸರ್, ರಾತ್ರಿ ಮಕ್ಕಳು ಹಾಸಿಗೆ ಒದ್ದೆ ಮಾಡಿಕೊಂಡರೆ ಯಾರು ಬದಲಾಯಿಸ್ತಾರೆ?"

ಪ್ರಿನ್ಸಿಪಾಲರು ಒಂದು ಕ್ಷಣ ತಡೆದು, ನಮ್ಮಲ್ಲಿ ಸಮಗ್ರ ಆರೈಕೆಯ ವ್ಯವಸ್ಥೆ ಇದೆ ಅಂದರು. ಅದು ಸರಿ ಸರ್, ಯಾರು ಅಂತ ಕೇಳಿದೆ ಅಂದಳು. ಅವರು ಫೈಲು ನೋಡಿದರು. ಫೈಲಿನಲ್ಲಿ ಅದು ಇದ್ದಂತಿಲ್ಲ. ಟೀ ತಂದಿಟ್ಟು ಬಾಗಿಲ ಬಳಿ ನಿಂತಿದ್ದ ಆಯಾ ಒಬ್ಬಳೇ ಮಾತಾಡಿದವಳು: "ನೇನೇ ಮಾರುಸ್ತಾನಮ್ಮಾ." ಬಾಗೇಪಲ್ಲಿ ಕಡೆಯವಳು, ನಾನೇ ಬದಲಾಯಿಸ್ತೀನಮ್ಮಾ ಅಂದದ್ದು ತೆಲುಗಿನಲ್ಲಿ.

ದಾದಿಗೆ ಆ ಕ್ಷಣದಿಂದ ಶಾಲೆಯ ಪ್ರಿನ್ಸಿಪಾಲು ಯಾರೆಂಬುದು ತೀರ್ಮಾನವಾಗಿಹೋಯಿತು. ಟೈ ಕಟ್ಟಿದವರನ್ನು ಅವರ ಪಾಡಿಗೆ ಬಿಟ್ಟು ಆಯಾಳ ಹಿಂದೆ ನಡೆದಳು. ಒಂದು ಕೋಣೆಗೆ ಎಷ್ಟು ಮಕ್ಕಳು, ರಾತ್ರಿ ಆಯಾಗಳೆಷ್ಟು, ಜ್ವರ ಬಂದರೆ ಮನೆಗೆ ಫೋನು ಅವತ್ತೇ ಬರುತ್ತದಾ ಮರುದಿನವಾ, ಅಳುವವರನ್ನು ದೊಡ್ಡ ಹುಡುಗರು ಆಡಿಕೊಳ್ಳುತ್ತಾರಾ, ಬಿಸಿನೀರು ನಲ್ಲಿಯಲ್ಲಿ ಬರುತ್ತದಾ ಪುಸ್ತಕದಲ್ಲಿ ಬರುತ್ತದಾ. ಕಕ್ಕಸಿನ ಬಾಗಿಲಿನ ಚಿಲಕ ಮಗುವಿನ ಕೈಗೆ ಎಟಕುತ್ತದೆಯೇ ಅಂತ ಮುನ್ನಾನನ್ನೇ ಒಳಗೆ ಕಳಿಸಿ ನೋಡಿದಳು. ಎಟಕಲಿಲ್ಲ. ಅಡುಗೆಮನೆಗೆ ಹೋಗಿ ಸಾರು ಅಂಗೈಗೆ ಹಾಕಿಸಿಕೊಂಡು ನೆಕ್ಕಿದಳು. ಎಷ್ಟೋ ಲಕ್ಷದ ಶಾಲೆಯ ನಿಜವಾದ ಪರೀಕ್ಷೆ ಇಷ್ಟೇ ಹೊತ್ತಿನಲ್ಲಿ ಮುಗಿಯಿತು. ನಾನು ಲೂಪು ಹಿಡಿದುಕೊಂಡು ಮೂವತ್ತು ವರ್ಷದಲ್ಲಿ ಕಲಿತದ್ದಕ್ಕಿಂತ ಚುರುಕು. ಆಯಾಳ ಮಕ್ಕಳು ಎಲ್ಲಿ ಅಂತಲೂ ದಾದಿ ವಿಚಾರಿಸಿದಳು. ಹಳ್ಳಿಯಲ್ಲಿ, ಅವಳ ಅಮ್ಮನ ಹತ್ತಿರವಂತೆ.

ವಾಪಸ್ ಬರುವಾಗ ಕಾರಿನಲ್ಲಿ ಆ ಆಯಾ ಇರುವವರೆಗೆ ಪರವಾಗಿಲ್ಲ ಅಂತ ಹೆಂಡತಿ, ಅವಳು ಕೆಲಸ ಬಿಟ್ಟರೆ ಅಂತ ದಾದಿ, ಕುದುರೆಗೆ ಹೆಸರೇನು ಅಂತ ಮುನ್ನಾ. ಅರ್ಜಿ ಫಾರಂ ಮಾತ್ರ ತಂದಿದ್ದೆವು. ರಾತ್ರಿ ಮಾಮುವನ್ನು ಫೋನಿನಲ್ಲಿ ಹಿಡಿದುಕೊಂಡೇ ತುಂಬತೊಡಗಿದೆ. ತಂದೆಯ ಉದ್ಯೋಗ, ರಕ್ತದ ಗುಂಪು, ಹವ್ಯಾಸ. ಎರಡನೇ ಪುಟದಲ್ಲಿ ಸ್ಥಳೀಯ ಪಾಲಕರು ಅಂತ ಒಂದು ಕಲಮು: ಬೆಂಗಳೂರಿನಲ್ಲಿ ವಾಸವಾಗಿರಬೇಕು, ರಜೆಯ ಭಾನುವಾರಗಳಲ್ಲಿ ಮಗುವನ್ನು ಮನೆಗೆ ಕರೆದೊಯ್ದು ಸಂಜೆ ತಂದುಬಿಡಬೇಕು, ಕಾಯಿಲೆಯಾದರೆ ಯಾವ ಹೊತ್ತಿನಲ್ಲಿ ಕರೆದರೂ ಬರಬೇಕು.

"ನಿನ್ನ ಹೆಸರೇ ಬರೀಲಾ?" ಅಂದೆ.

ಆ ಕಡೆ ಸಿಗ್ನಲ್ ಹೋದಂತಾಯಿತು. ಸ್ವಲ್ಪ ಹೊತ್ತಿಗೆ ಮಾಮುವೇ ತಿರುಗಿ ಫೋನು ಮಾಡಿದ. "ದುಲ್ಹಾಭಾಯಿ, ಯೋಚನೆ ಮಾಡಿದೆ. ಮುನ್ನಾ ಇನ್ನೂ ತುಂಬ ಚಿಕ್ಕವನು. ಈ ವಯಸ್ಸಲ್ಲಿ ತಾಯಿ ಹತ್ರ ಇರಬೇಕು. ಆರನೇ ಕ್ಲಾಸಿಗೆ ನವೋದಯ ಬರೆಸೋಣ, ಅದೇ ವಾಸಿ. ನಿಮ್ಮ ಜಿಲ್ಲೆಯಲ್ಲೇ ಇದೆ, ನಿಮಗೇ ಹತ್ರ."