ಸ್ವಲ್ಪ ತಾಳೋ ಮಾರಾಯ

ಮನುಷ್ಯರಿಗೆ ಈಗ ತಾಳ್ಮೆಯೇ ಇಲ್ಲ ಎನ್ನುವವರು ಬ್ರೌಸರ್ ಓಡಿಸುವ ಸ್ಕ್ರಿಪ್ಟನ್ನು ಕಂಡವರಲ್ಲ. ಪಂಕ್ತಿಯಲ್ಲಿ ಎಲೆ ಬೀಳುವ ಮೊದಲೇ ಅನ್ನ ಬಡಿಸಿಬಿಡುವ ಆಸಾಮಿ ಅದು. ಅನ್ನ ನೆಲಕ್ಕೆ ಬಿದ್ದರೆ ತಪ್ಪು ಅದರದ್ದಲ್ಲ; ‘ಎಲೆ ಸಿಗಲಿಲ್ಲ’ ಎಂದು ಕೆಂಪಕ್ಷರದಲ್ಲಿ ವರದಿ ಬರೆದು ಪಕ್ಕಕ್ಕೆ ಸರಿಯುತ್ತದೆ.

ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತು ಈ ಆಸಾಮಿಯನ್ನು ಪಳಗಿಸುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ನೆಂಟರ ಮನೆಯಲ್ಲಿ ಏನು ಕೆಲಸ ಎಂದು ಕೇಳಿದರೆ ಟೆಸ್ಟಿಂಗ್ ಎನ್ನುತ್ತೇನೆ. ರಕ್ತದ್ದೋ ಮೂತ್ರದ್ದೋ ಎಂದು ವಿಚಾರಿಸಿದವರೂ ಉಂಟು.

ಹಿಂದಿನ ವೆಬ್ ಪುಟಗಳಿಗೆ ಒಂದು ಮರ್ಯಾದೆ ಇತ್ತು. ಗುಂಡಿ ಒತ್ತಿದರೆ ಪರದೆ ಬೆಳ್ಳಗಾಗಿ, ಹೊಸ ಪುಟ ಪೂರ್ತಿ ಬಂದ ಮೇಲೆ ‘ಆಯ್ತಪ್ಪ, ಈಗ ಮುಟ್ಟು’ ಎನ್ನುತ್ತಿತ್ತು. 1999ರಲ್ಲಿ ಮೈಕ್ರೋಸಾಫ್ಟ್‌ನವರು ಔಟ್‌ಲುಕ್‌ನ ವೆಬ್ ಆವೃತ್ತಿಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಒಂದು ಹಿತ್ತಲ ಬಾಗಿಲು ಇಟ್ಟರು: ಪುಟ ಅಲುಗದೆ ಸದ್ದಿಲ್ಲದೆ ಸರ್ವರಿಗೆ ಹೋಗಿ ಬೇಕಾದಷ್ಟೇ ತರುವ ದಾರಿ. ಜಿಮೇಲ್, ಗೂಗಲ್ ಮ್ಯಾಪ್ಸ್ ಎಲ್ಲ ಅದೇ ಬಾಗಿಲಲ್ಲಿ ಓಡಾಡಿ ದೊಡ್ಡವಾದವು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಇದಕ್ಕೆ ಅಜಾಕ್ಸ್ ಎಂದು ನಾಮಕರಣವನ್ನೂ ಮಾಡಿದ. ಅಂದಿನಿಂದ ಪುಟ ‘ಪೂರ್ತಿ ಬಂತು’ ಎಂಬ ಮಾತಿಗೇ ಅರ್ಥ ಹೋಯಿತು. ನಮ್ಮ ಸ್ಕ್ರಿಪ್ಟುಗಳು ಬ್ರೌಸರ್ ಓಡಿಸಲು ಬಳಸುವ ಸಾಧನ ಸೆಲೆನಿಯಂ ಹುಟ್ಟಿದ್ದೂ ಆಸುಪಾಸಿನಲ್ಲೇ, 2004ರಲ್ಲಿ. ಷಿಕಾಗೊದ ಥಾಟ್‌ವರ್ಕ್ಸ್ ಕಂಪನಿಯಲ್ಲಿ ಜೇಸನ್ ಹಗ್ಗಿನ್ಸ್ ಒಳಗಿನ ಲೆಕ್ಕಪತ್ರದ ಒಂದು ಅಪ್ಲಿಕೇಷನ್ ಪರೀಕ್ಷಿಸಲು ಕಟ್ಟಿದ್ದು ಅದು. ರೋಗವೂ ವೈದ್ಯನೂ ಓರಗೆಯವರು.

ನಮ್ಮ ಕಡೆಯ ಯಾವ ಅರ್ಜಿ ತೆಗೆದರೂ ಜಿಲ್ಲೆ, ತಾಲ್ಲೂಕು, ಹೋಬಳಿ ಇದ್ದೇ ಇರುತ್ತವೆ. ಜಿಲ್ಲೆ ಆರಿಸಿದ ಮೇಲೆ ತಾಲ್ಲೂಕುಗಳ ಪಟ್ಟಿ ಸರ್ವರಿನಿಂದ ಬರಬೇಕು. ನಾವು ನೀವು ಆ ಒಂದು ಕ್ಷಣ ಕನ್ನಡಕ ಸರಿಮಾಡಿಕೊಳ್ಳುತ್ತೇವೆ, ಅಷ್ಟರಲ್ಲಿ ಪಟ್ಟಿ ಬಂದಿರುತ್ತದೆ. ಸ್ಕ್ರಿಪ್ಟಿಗೆ ಕನ್ನಡಕ ಇಲ್ಲ. ಖಾಲಿ ಪೆಟ್ಟಿಗೆಗೇ ಕೈಹಾಕಿ ಫೇಲಾಗುತ್ತದೆ.

ಇದಕ್ಕೆ ಟೀಮಿಗೆ ಹೊಸದಾಗಿ ಸೇರಿದ ಪ್ರತಿಯೊಬ್ಬರ ಮದ್ದೂ ಒಂದೇ: ಐದು ಸೆಕೆಂಡ್ ಸ್ಲೀಪ್ ಹಾಕು. ಪಟ್ಟಿ ಅರೆಕ್ಷಣದಲ್ಲಿ ಬಂದರೂ ಇದು ಐದು ಸೆಕೆಂಡ್ ಗೊರಕೆ ಹೊಡೆಯುತ್ತದೆ. ಆರನೆಯ ಸೆಕೆಂಡಿಗೆ ಬಂದರೆ ಮತ್ತೆ ಫೇಲು. ಐದನ್ನು ಹತ್ತು ಮಾಡುತ್ತಾರೆ. ಹೀಗೇ ಬೆಳೆದು, ಸಂಜೆ ಓಡಿಸಿದ ಟೆಸ್ಟ್‌ಗಳು ಬೆಳಗಿನ ಕಾಫಿ ಹೊತ್ತಿಗೂ ಮುಗಿಯುವುದಿಲ್ಲ. ಕಾಯಬೇಕಾದದ್ದು ಗಡಿಯಾರಕ್ಕಲ್ಲ, ಗುರುತಿಗೆ. ‘ಪಟ್ಟಿಯಲ್ಲಿ ಸಕಲೇಶಪುರ ಕಾಣುವವರೆಗೆ ನೋಡುತ್ತಿರು’ ಎಂದು ಹೇಳಿದರೆ ಸೆಲೆನಿಯಂ ಅರ್ಧ ಸೆಕೆಂಡಿಗೊಮ್ಮೆ ಇಣುಕುತ್ತದೆ, ಕಂಡ ಕೂಡಲೇ ಮುಂದೆ ಹೋಗುತ್ತದೆ.

ಆದರೂ ಕಾಟ ತಪ್ಪದು. ಸ್ಕ್ರಿಪ್ಟ್ ಒಂದು ಗುಂಡಿಯನ್ನು ಗುರುತು ಹಿಡಿದುಕೊಂಡಿರುತ್ತದೆ. ಒತ್ತುವಷ್ಟರಲ್ಲಿ ಪುಟ ಅದನ್ನು ಕಿತ್ತು, ಅದೇ ಜಾಗದಲ್ಲಿ ಅದೇ ಬಣ್ಣದ ಇನ್ನೊಂದನ್ನು ಕೂರಿಸಿರುತ್ತದೆ. ನಮ್ಮ ಕಣ್ಣಿಗೆ ಏನೂ ಆಗಿಲ್ಲ, ಸ್ಕ್ರಿಪ್ಟಿನ ಪಾಲಿಗೆ ಹಳೆಯ ಗುಂಡಿ ಸತ್ತಿದೆ. 2020ರಲ್ಲಿ ಬಂದ ಪ್ಲೇರೈಟ್ ಎಂಬ ಇನ್ನೊಂದು ಸಾಧನ ಇಂಥ ಕಡೆ ಜಾಣ: ಗುಂಡಿ ಕಾಣುತ್ತಿದೆಯೇ, ಅಲುಗಾಡದೆ ನಿಂತಿದೆಯೇ, ಮೇಲೆ ಇನ್ನೇನಾದರೂ ಮುಚ್ಚಿದೆಯೇ ಎಂದು ತಾನೇ ನೋಡಿಕೊಂಡು ಒತ್ತುತ್ತದೆ. ಆದರೆ ಪೆಟ್ಟಿಗೆಯೊಳಗಿನ ಪಟ್ಟಿ ಹೊಸದೋ ಹಳೆಯದೋ ಅದಕ್ಕೂ ತಿಳಿಯದು.

ಇಂದು ಪಾಸು, ನಾಳೆ ಫೇಲು ಆಗುವ ಟೆಸ್ಟಿಗೆ ನಮ್ಮಲ್ಲಿ ಫ್ಲೇಕಿ ಎನ್ನುತ್ತಾರೆ. ತನ್ನ ಟೆಸ್ಟ್‌ಗಳಲ್ಲಿ ಸುಮಾರು 16%ಕ್ಕೆ ಈ ಚಾಳಿ ಒಂದಿಷ್ಟಾದರೂ ಇದೆ ಎಂದು 2016ರಲ್ಲಿ ಗೂಗಲ್ಲೇ ಒಪ್ಪಿಕೊಂಡಿತ್ತು. ಇನ್ನು ನಮ್ಮದು ಯಾವ ಲೆಕ್ಕ? ನಮ್ಮಲ್ಲೂ ಅಂಥದ್ದೊಂದಿತ್ತು. ಜಿಲ್ಲೆಯನ್ನು ಮಂಡ್ಯದಿಂದ ಹಾಸನಕ್ಕೆ ಬದಲಿಸಿ, ತಾಲ್ಲೂಕಿನ ಪಟ್ಟಿಯಲ್ಲಿ ಕೊನೆಯದನ್ನು ಆರಿಸಿ ಉಳಿಸುವುದು ಅದರ ಕೆಲಸ. ಆಗೊಮ್ಮೆ ಈಗೊಮ್ಮೆ ಕೆಂಪಾಗುತ್ತಿತ್ತು. ಎಲ್ಲರೂ ಇನ್ನೊಮ್ಮೆ ರನ್ ಮಾಡುವುದು, ಹಸಿರಾದರೆ ಊಟಕ್ಕೆ ಹೋಗುವುದು. ಒಂದು ದಿನ ಅದು ಉಳಿಸಿದ ಅರ್ಜಿಯನ್ನೇ ತೆರೆದು ನೋಡಿದೆ: ಹಾಸನ ಜಿಲ್ಲೆ, ಶ್ರೀರಂಗಪಟ್ಟಣ ತಾಲ್ಲೂಕು. ಕಾವೇರಿ ನಡುವಿನ ದ್ವೀಪವನ್ನು ಎತ್ತಿ ಹಾಸನಕ್ಕೆ ಇಟ್ಟಾಗಿತ್ತು! ಹಾಸನದ ಪಟ್ಟಿ ಬರುವವರೆಗೂ ಮಂಡ್ಯದ ಹಳೆಯ ಪಟ್ಟಿ ಹಾಗೇ ಕೂತಿರುತ್ತಿತ್ತು. ಸ್ಕ್ರಿಪ್ಟಿನ ಅವಸರಕ್ಕೆ ಸಿಕ್ಕಿದ್ದು ಅದೇ.

“ಸರ್, ಯಾವ ಯೂಸರೂ ಅಷ್ಟು ಫಾಸ್ಟಾಗಿ ಒತ್ತಲ್ಲ, ಸ್ವಲ್ಪ ವೇಟ್ ಹಾಕ್ಬಿಡಿ” ಎಂದ ಡೆವಲಪರ್ ಹುಡುಗ.

“ನೀನು ನಮ್ಮೂರ ಸೈಬರ್ ಸೆಂಟರಿಗೆ ಬಂದಿಲ್ಲ ಬಿಡಪ್ಪ” ಎಂದೆ.

ಅಲ್ಲಿನ ಹುಡುಗ ಎಡಗೈಯಲ್ಲಿ ಆಧಾರ್ ಕಾರ್ಡ್ ಹಿಡಿದು, ಹಿಂದಿನ ಸಾಲಿನವರೊಂದಿಗೆ ಚಿಲ್ಲರೆಗೆ ಜಗಳವಾಡುತ್ತ, ಪರದೆಯನ್ನೇ ನೋಡದೆ ಬಲಗೈಯಲ್ಲಿ ಟ್ಯಾಬ್, ಬಾಣ, ಎಂಟರ್ ಎಂದು ಕುಟ್ಟುತ್ತ ಹೋಗುತ್ತಾನೆ. ಅಲ್ಲಿ ನೆಟ್ಟು ನಿಧಾನ. ನಮ್ಮಲ್ಲಿ ಅರೆಕ್ಷಣದಲ್ಲಿ ಬರುವ ಪಟ್ಟಿ ಅಲ್ಲಿ ಎಷ್ಟೋ ಹೊತ್ತಿಗೆ ಬರುತ್ತದೆ. ಅಷ್ಟರಲ್ಲಿ ಅರ್ಜಿ ಸಲ್ಲಿಕೆಯಾಗಿ, ಯಾರೋ ಅಜ್ಜಿ ಇಲ್ಲದ ತಾಲ್ಲೂಕಿನ ನಿವಾಸಿಯಾಗಿಬಿಡುತ್ತಾರೆ. ಟೆಸ್ಟಿಗೆ ವೇಟ್ ಹಾಕಬಹುದು, ಆ ಹುಡುಗನಿಗೆ ಹಾಕಲಾದೀತೇ?

ಹಾಗಾಗಿ ಪುಟ ಬರೆಯುವ ಬಂಧುಗಳಲ್ಲಿ ಒಂದು ವಿನಂತಿ: ಜಿಲ್ಲೆ ಬದಲಾದ ಕೂಡಲೇ ತಾಲ್ಲೂಕಿನ ಪೆಟ್ಟಿಗೆಯನ್ನು ಖಾಲಿ ಮಾಡಿ, ಹೊಸ ಪಟ್ಟಿ ಬರುವವರೆಗೆ ಬೀಗ ಹಾಕಿಡಿ. ಒಂದೆರಡು ಸಾಲಿನ ಕೆಲಸ ಅಷ್ಟೆ.