ಮೂರನೇ ಮಹಡಿಯ ಶವರು

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಗಾಳಿ, ಬೆಳಕು, ವಾಸ್ತು ಎಲ್ಲ ವಿಚಾರಿಸುತ್ತಾರೆ. ಬಚ್ಚಲಿಗೆ ಹೊಕ್ಕು ಶವರ್ ತಿರುಗಿಸಿ ನೋಡುವವರು ಕಡಿಮೆ.

ನಾವಿರುವುದು ಮೂರನೇ ಮಹಡಿ. ಟ್ಯಾಂಕು ನೆತ್ತಿಯ ಮೇಲೇ ಇದೆ. ಅದಕ್ಕೆ ಅಷ್ಟು ಹತ್ತಿರದ ನೆಂಟರಾದ ನಮಗೇ ನೀರು ಜೋರಾಗಿ ಬರಬೇಕೆಂಬುದು ಬಂದವರೆಲ್ಲರ ಊಹೆ. ನಿಜವಾಗಿ ನಮ್ಮ ಶವರಿನ ಅಷ್ಟೂ ತೂತುಗಳಲ್ಲಿ ನಾಲ್ಕಾರು ಮಾತ್ರ ತೊಟ್ಟಿಕ್ಕುತ್ತವೆ. ಉಳಿದ ನೀರು ಅಂಚು ಹಿಡಿದು ಗೋಡೆಗುಂಟ ಇಳಿಯುತ್ತದೆ. ದಿನಾ ಸ್ನಾನ ಆಗುವುದು ಗೋಡೆಗೆ. ನೆಲಮಹಡಿಯ ಅಜ್ಜಿ ಮಾತ್ರ ನಲ್ಲಿ ತಿರುಗಿಸುವ ಮೊದಲು ಚೊಂಬನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ಪ್ಲಂಬರ್ ಬಂದ. ‘ಫೋರ್ಸ್ ಇಲ್ಲ ಸಾರ್’ ಎಂದು ನಮಗೆ ಗೊತ್ತಿದ್ದದ್ದನ್ನೇ ಹೇಳಿ ದುಡ್ಡು ಇಸಕೊಂಡು ಹೋದ. ನಮ್ಮ ಓನರು ಉದಾರಿಗಳು. ಸಾವಿರ ಲೀಟರಿನ ಟ್ಯಾಂಕು ಇಳಿಸಿ, ಅಷ್ಟೇ ಎತ್ತರದ, ಆದರೆ ಹೊಟ್ಟೆ ದಪ್ಪಗಿರುವ ಎರಡು ಸಾವಿರ ಲೀಟರಿನದನ್ನು ಕೂರಿಸಿ, ‘ಇನ್ನು ನೋಡಿ, ಡಬಲ್ ಫೋರ್ಸು’ ಎಂದರು. ಗೋಡೆ ಎಂದಿನಂತೆ ಸ್ನಾನ ಮಾಡಿತು.

ನೀರಿಗೆ ತಾನು ಎಷ್ಟಿದ್ದೇನೆ ಎಂಬುದರ ಗೊಡವೆಯಿಲ್ಲ, ಎಷ್ಟು ಎತ್ತರದಲ್ಲಿದ್ದೇನೆ ಎಂಬುದೊಂದೇ ಲೆಕ್ಕ. ಫ್ಲಾಂಡರ್ಸ್‌ನ ಸೈಮನ್ ಸ್ಟೆವಿನ್ ಇದನ್ನು 1586ರಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಓನರಿಗೆ ಸುದ್ದಿ ಇನ್ನೂ ತಲುಪಿಲ್ಲ. ಹತ್ತು ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕೆ.ಜಿ. ಭಾರ ಹೇರುತ್ತದೆ. ನಮ್ಮ ಶವರಿಗೂ ಟ್ಯಾಂಕಿನ ನೀರಿಗೂ ನಡುವೆ ಇರುವುದು ಎರಡು ಮೀಟರ್ ಚಿಲ್ಲರೆ, ಅಂದರೆ ಕಾಲು ಕೆ.ಜಿ.ಯೂ ಇಲ್ಲ. ಅಜ್ಜಿಗೆ ಮೂರು ಮಹಡಿಯಷ್ಟು ಹೆಚ್ಚುವರಿ, ಹತ್ತಿರ ಹತ್ತಿರ ಇನ್ನೊಂದು ಕೆ.ಜಿ.

ಕಾವೇರಿಯ ಕೆ.ಆರ್.ಎಸ್. ಅಣೆಕಟ್ಟೆಯ ಹಿನ್ನೀರು ಮೈಲಿಗಟ್ಟಲೆ ಹರಡಿದೆಯಲ್ಲ, ನಿಂತ ನೀರನ್ನು ತಡೆಯುವ ಕಟ್ಟೆಗೆ ಆ ಉದ್ದದ ಚಿಂತೆಯಿಲ್ಲ. 124.80 ಅಡಿ ತುಂಬಿತೇ ಎಂಬುದಷ್ಟೇ ಅದಕ್ಕೆ ಮುಖ್ಯ. ಆಳಕ್ಕೆ ಹೋದಷ್ಟೂ ಒತ್ತಡ ಹೆಚ್ಚುವುದರಿಂದಲೇ ಕಟ್ಟೆಯ ಬುಡ ದಪ್ಪ, ತಲೆ ತೆಳು. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಡಿಗಳಲ್ಲಿ ಮಟ್ಟ ಅಚ್ಚು ಹಾಕುವಾಗ, ಕಟ್ಟೆ ಓದಬೇಕಾದ ಸುದ್ದಿಯನ್ನೇ ನಾವು ಓದುತ್ತಿರುತ್ತೇವೆ.

ಅದೇ ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿಸಿಕೊಂಡು, ಅರ್ಧ ಕಿಲೋಮೀಟರಿನಷ್ಟು ಮೇಲೇರಿ ಬೆಂಗಳೂರಿಗೆ ಬರುತ್ತಾಳೆ. ಅಷ್ಟೆಲ್ಲ ಹತ್ತಿ ಬಂದವಳಿಗೆ ನಮ್ಮ ತಲೆಯ ಮೇಲೆ ಬೀಳುವುದಕ್ಕೆ ಮಾತ್ರ ಸಂಕೋಚ.

ಟ್ಯಾಂಕನ್ನೇ ಎತ್ತರದ ಸ್ಟ್ಯಾಂಡಿಗೆ ಏರಿಸಿ ಎಂದೆ. ಎದುರುಮನೆಯವರು ವಾಸ್ತು ತಕರಾರು ತೆಗೆದರು. ಕೊನೆಗೆ ಓನರು ಪ್ರೆಷರ್ ಪಂಪು ಹಾಕಿಸಿದರು. ಈಗ ಶವರ್ ಚೆನ್ನಾಗಿಯೇ ಸುರಿಯುತ್ತದೆ, ಕರೆಂಟಿದ್ದಾಗ.

‘ಫೋರ್ಸ್ ಬಂತಾ ಸಾರ್?’ ಎಂದು ವಿಚಾರಿಸಿಕೊಂಡು ಹೋಗಲು ಓನರೇ ಬಂದಿದ್ದರು. ಮೆಟ್ಟಿಲಿಳಿಯುತ್ತ ಹೇಳಿದರು: ‘ಪಂಪಿನ ಕನೆಕ್ಷನ್ ನಿಮ್ಮ ಮೀಟರಿಗೇ ಕೊಡಿಸಿದೀನಿ.’